ಪೈಲಟ್ ಆಗಬೇಕಾ? ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನವಳು, ವಯಸ್ಸು 18. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಈ ವರ್ಷ ಪಿಯುಸಿ ಸೈನ್ಸ್ ಮುಗಿಯಿತು. ಪೈಲಟ್ ಆಗಬೇಕು ಅನ್ನೋದು ಚಿಕ್ಕಂದಿನಿಂದ ಇರುವ ಆಸೆ. ದುಡ್ಡು ಹೊಂದಿಸಲು ಅಪ್ಪ ಒಂದು ವರ್ಷ ಸಮಯ ಕೇಳಿದ್ದಾರೆ. ಅಲ್ಲಿಯವರೆಗೆ ನಾನೇನು ಮಾಡಬಹುದು? ಕನ್ನಡಕ ಹಾಕುತ್ತೇನೆ, ಅದು ತೊಂದರೆಯಾ? ಇಂಗ್ಲಿಷ್ ಮಾತಾಡೋಕೆ ಭಯ. ಕಂಪ್ಯೂಟರ್‌ನಲ್ಲಿ ಫ್ಲೈಟ್ ಸಿಮ್ಯುಲೇಟರ್ ಆಡುತ್ತೇನೆ, ಅದರಿಂದ ಉಪಯೋಗ ಇದೆಯಾ? ಒಬ್ಬ ಏಜೆಂಟ್ ಈಗಲೇ 10 ಲಕ್ಷ ಕಟ್ಟಿ ಸೀಟು ಹಿಡಿಯಿರಿ, ಮುಂದೆ ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಕಟ್ಟಬಹುದಾ? ಹುಡುಗಿಗೆ ಇದೆಲ್ಲ ಯಾಕೆ ಅಂತ ನೆಂಟರು ಅಪ್ಪನ ತಲೆ ತಿನ್ನುತ್ತಿದ್ದಾರೆ.

ಉತ್ತರ: ಏಜೆಂಟ್ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಕಟ್ಟಬೇಡಿ. ಮೆಡಿಕಲ್, ಅಂದರೆ ಪೈಲಟ್ ಆಗುವವರಿಗೆ ಮಾಡುವ ಆರೋಗ್ಯ ಪರೀಕ್ಷೆ, ಆಗುವ ತನಕ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನಾನು ವಿಮಾನ ಹಾರಿಸುವ ಪಾಠ ಹೇಳಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗ ಬಂದಿದ್ದ. ಬುದ್ಧಿವಂತ, ಶ್ರದ್ಧೆ ಇದ್ದವನು. ಅವರಪ್ಪ ಎರಡು ಎಕರೆ ಜಮೀನು ಮಾರಿ ಒಂದು ವಿಮಾನ ತರಬೇತಿ ಶಾಲೆಗೆ ಫೀಸಿನ ಅರ್ಧ ಭಾಗ ಕಟ್ಟಿದ್ದರು. ಮೆಡಿಕಲ್ ಆಮೇಲೆ ಮಾಡಿಸಿದರಾಯಿತು ಅಂತ ಆ ಶಾಲೆಯವರು ಹೇಳಿದ್ದರಂತೆ. ಮೂರು ತಿಂಗಳ ನಂತರ ಕಣ್ಣಿನ ಪರೀಕ್ಷೆಯಲ್ಲಿ ಗೊತ್ತಾಯಿತು, ಅವನಿಗೆ ಕೆಂಪು ಹಸಿರು ಸರಿಯಾಗಿ ಗುರುತು ಸಿಗುವುದಿಲ್ಲ. ಅವನಿಗೇ ಅದುವರೆಗೆ ಗೊತ್ತಿರಲಿಲ್ಲ. ಕಟ್ಟಿದ ದುಡ್ಡಿನಲ್ಲಿ ಸ್ವಲ್ಪ ಮಾತ್ರ ವಾಪಸ್ ಬಂತು. ಆ ದಿನ ಆಫೀಸಿನ ಬೆಂಚಿನ ಮೇಲೆ ಕೂತಿದ್ದ ಅವರಪ್ಪನ ಮುಖ ಈಗಲೂ ನೆನಪಿದೆ. ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದು ಕೆಲವೇ ಸಾವಿರ ರೂಪಾಯಿಯ ಪರೀಕ್ಷೆ. ಅದನ್ನು ಯಾರೂ ಹೇಳಿರಲಿಲ್ಲ.

ಹಾಗಾಗಿ ಮುಂದಿನ ತಿಂಗಳೇ ನಿಮ್ಮೂರಿಗೆ ಹತ್ತಿರದ ಒಳ್ಳೆಯ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಪುಸ್ತಕ ಇರುತ್ತದೆ, ಇಷಿಹಾರ ಟೆಸ್ಟ್ ಅಂತಾರೆ. ಅದನ್ನು ಮಾಡಿಸಿ. ಕನ್ನಡಕದ ಬಗ್ಗೆ ಚಿಂತೆ ಬೇಡ. ಕನ್ನಡಕ ಹಾಕಿಕೊಂಡು ಸರಿಯಾಗಿ ಕಂಡರೆ ಆಯಿತು, ಕನ್ನಡಕ ಹಾಕುವ ಎಷ್ಟೋ ಪೈಲಟ್‌ಗಳು ದಿನಾ ಹಾರುತ್ತಿದ್ದಾರೆ. ಬಣ್ಣ ಮಾತ್ರ ಬೇರೆ ವಿಷಯ. ಯಾಕೆ ಅಂತ ತಿಳಿದುಕೊಳ್ಳಿ. ದೊಡ್ಡ ರನ್‌ವೇಗಳ ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲು ಇರುತ್ತದೆ, ಅದಕ್ಕೆ ಪಾಪಿ (PAPI) ಅಂತ ಹೆಸರು. ಇಳಿಯಲು ಬರುವಾಗ ಎರಡು ಬಿಳಿ ಎರಡು ಕೆಂಪು ಕಂಡರೆ ಎತ್ತರ ಸರಿಯಾಗಿದೆ. ನಾಲ್ಕೂ ಬಿಳಿ ಆದರೆ ಜಾಸ್ತಿ ಎತ್ತರದಲ್ಲಿದ್ದೀರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗೆ ಬಂದಿದ್ದೀರಿ. ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲಕ್ಕೆ ಹಸಿರು. ರಾತ್ರಿ ಎದುರಿನ ವಿಮಾನ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುವುದು ಅದರಿಂದಲೇ. ರೇಡಿಯೋ ಕೆಟ್ಟರೆ ಟವರ್‌ನವರು ನಿಮಗೆ ಹಸಿರು, ಕೆಂಪು, ಬಿಳಿ ಬೆಳಕು ತೋರಿಸಿ ಮಾತಾಡುತ್ತಾರೆ.

ಬಣ್ಣ ಸರಿಯಿದ್ದರೆ ಡಿಜಿಸಿಎ, ಅಂದರೆ ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ, ಒಪ್ಪಿದ ಡಾಕ್ಟರ್ ಹತ್ತಿರ ಕ್ಲಾಸ್ 2 ಮೆಡಿಕಲ್ ಮಾಡಿಸಿ. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್-ರೇ, ಕಣ್ಣು, ಕಿವಿ ಎಲ್ಲ ನೋಡುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಸಂಬಳಕ್ಕೆ ವಿಮಾನ ಓಡಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾಗುವುದು ಕ್ಲಾಸ್ 1. ಅದರ ಮೊದಲ ಪರೀಕ್ಷೆ ಮಾಡುವ ಜಾಗಗಳಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಕೂಡ ಒಂದು. ವಾಯುಪಡೆಯವರ ಸಂಸ್ಥೆ. ದಿನಾಂಕ ಸಿಗಲು ಕಾಯಬೇಕಾಗಬಹುದು, ಅದಕ್ಕೇ ಈಗಲೇ ಶುರು ಮಾಡಿ ಅನ್ನುತ್ತಿದ್ದೇನೆ. ಏನಾದರೂ ಸಣ್ಣ ತೊಂದರೆ ಕಂಡರೆ ತಾತ್ಕಾಲಿಕ ಅನ್‌ಫಿಟ್ ಅಂತ ಬರೆಯುತ್ತಾರೆ. ಅದಕ್ಕೆ ಅಳುತ್ತಾ ಕೂರಬೇಡಿ. ಚಿಕಿತ್ಸೆ ಮಾಡಿಸಿ ಮತ್ತೆ ತೋರಿಸಲು ಅವಕಾಶ ಇದೆ. ಒಂದು ಮಾತು, ಡಾಕ್ಟರ್ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಚಿಕ್ಕವರಿದ್ದಾಗ ಫಿಟ್ಸ್ ಬಂದಿತ್ತು, ಅರೆತಲೆನೋವು ಇದೆ ಅಂದರೆ ಹೇಳಿಬಿಡಿ.

ಈಗ ಆ ಒಂದು ವರ್ಷದ ಮಾತಿಗೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು. ಕಾಯುವ ಕಾಲ ಅಂದುಕೊಂಡರೆ ಸುಮ್ನೆ ಕಳೆದುಹೋಗುತ್ತದೆ. ಶಾಲೆ ಸೇರಿದ ಮೇಲೆ ಗಾಳಿಯಲ್ಲಿ ಕಳೆಯುವ ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ. ನೆಲದ ಮೇಲೆ ಕಲಿತರೆ ಪುಕ್ಕಟೆ. ಮತ್ತೆ ನೀವಿರುವ ಜಾಗ ಇದೆಯಲ್ಲ, ಗಾಳಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ದಿನಾ ನೋಡುತ್ತೀರಿ. ಅವು ಯಾವ ಕಡೆ ಮುಖ ಮಾಡಿವೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? ಆ ದೊಡ್ಡ ರೆಕ್ಕೆಗಳು ಯಾವಾಗಲೂ ಗಾಳಿಗೆ ಎದುರಾಗಿ ತಿರುಗಿಕೊಳ್ಳುತ್ತವೆ. ಅಂದರೆ ನಿಮ್ಮ ಜಿಲ್ಲೆಯ ಗುಡ್ಡದ ಮೇಲೆಲ್ಲ ಗಾಳಿಯ ದಿಕ್ಕು ತೋರಿಸುವ ಮುಳ್ಳುಗಳೇ ನಿಂತಿವೆ. ಮುಂಗಾರಿನಲ್ಲಿ ನೋಡಿ, ಪಡುವಣದ ಕಡೆ ಮುಖ. ಹಿಂಗಾರು ಕಳೆದು ಚಳಿ ಬಂದಾಗ ನೋಡಿ, ಮೂಡಣದ ಕಡೆ ತಿರುಗಿರುತ್ತವೆ. ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ಬೆಳಿಗ್ಗೆ ಮತ್ತು ಸಂಜೆ ಬರೆಯಿರಿ: ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಮೋಡ ಎಂಥದ್ದು, ಎಷ್ಟು ದೂರದ ಗುಡ್ಡ ಕಾಣುತ್ತಿದೆ. ಗಾಳಿ ಎತ್ತ ಹೋಗುತ್ತಿದೆ ಅಂತಲ್ಲ, ಎತ್ತಲಿಂದ ಬರುತ್ತಿದೆ ಅಂತ ಬರೆಯಬೇಕು. ಇಲ್ಲೇ ಎಲ್ಲರೂ ಮೊದಲು ತಪ್ಪುವುದು.

ಇದರಿಂದ ಏನು ಪ್ರಯೋಜನ? ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರುಗಾಳಿ ಇದ್ದರೆ ರೆಕ್ಕೆಗೆ ಬೇಕಾದ ಗಾಳಿಯ ವೇಗ ಬೇಗ ಸಿಗುತ್ತದೆ, ಓಡಬೇಕಾದ ದೂರ ಕಡಿಮೆ. ರನ್‌ವೇಗೆ ಬರೆದಿರುವ ಅಂಕಿ ಅದರ ದಿಕ್ಕು. 27 ಅಂದರೆ 270 ಡಿಗ್ರಿ, ಪಶ್ಚಿಮಕ್ಕೆ ಮುಖ. ಅದೇ ರನ್‌ವೇಯ ಇನ್ನೊಂದು ತುದಿ 09, ಅಂದರೆ 90 ಡಿಗ್ರಿ, ಪೂರ್ವಕ್ಕೆ ಮುಖ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಹೀಗೇ ಪೂರ್ವ-ಪಶ್ಚಿಮವಾಗಿವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಚಿಕ್ಕ ವಿಮಾನಗಳ ನಿಲ್ದಾಣದ್ದು 08 ಮತ್ತು 26. ಈಗ ನಿಮ್ಮ ಆಟ ಇದು: ಬೆಳಿಗ್ಗೆ ಗುಡ್ಡದ ಮೇಲಿನ ಯಂತ್ರ ನೋಡಿ ಇವತ್ತು ಬೆಂಗಳೂರಿನಲ್ಲಿ ವಿಮಾನಗಳು ಯಾವ ಕಡೆಗೆ ಏರುತ್ತಿರಬಹುದು ಅಂತ ಊಹಿಸಿ ಬರೆಯಿರಿ. ಆಮೇಲೆ ಫೋನಿನಲ್ಲಿ ವಿಮಾನಗಳ ದಾರಿ ತೋರಿಸುವ ಆ್ಯಪ್ ತೆಗೆದು ನೋಡಿ. ಸರಿ ಆಗಿದ್ದರೆ ಒಂದು ಗುರುತು ಹಾಕಿ. ತಪ್ಪಾಗಿದ್ದರೆ ಯಾಕೆ ತಪ್ಪಾಯಿತು ಅಂತ ಯೋಚಿಸಿ. ಮೂರು ತಿಂಗಳಲ್ಲಿ ನಿಮ್ಮ ಊಹೆ ಎಷ್ಟು ಗಟ್ಟಿಯಾಗುತ್ತದೆ ಅಂದರೆ ನಿಮಗೇ ಆಶ್ಚರ್ಯ ಆಗುತ್ತದೆ.

ನಂತರ ಮೆಟಾರ್ ಓದಲು ಕಲಿಯಿರಿ. ವಿಮಾನ ನಿಲ್ದಾಣಗಳು ಹೊರಡಿಸುವ ಹವಾಮಾನದ ಸಂಕ್ಷಿಪ್ತ ವರದಿ ಅದು, ಬೆಂಗಳೂರಿನದ್ದು ಅರ್ಧ ಗಂಟೆಗೊಮ್ಮೆ ಬರುತ್ತದೆ, ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲ ಸಲ ನೋಡಿದಾಗ ಗುಪ್ತ ಭಾಷೆಯ ಹಾಗಿರುತ್ತದೆ. ಒಂದು ಉದಾಹರಣೆ ಬಿಡಿಸುತ್ತೇನೆ. 27012 ಕೆಟಿ ಅಂತಿದ್ದರೆ ಗಾಳಿ 270 ಡಿಗ್ರಿಯಿಂದ, ಅಂದರೆ ಪಶ್ಚಿಮದಿಂದ, 12 ನಾಟ್ ವೇಗ, ಗಂಟೆಗೆ ಸುಮಾರು 22 ಕಿಲೋಮೀಟರ್. 6000 ಅಂದರೆ ಕಣ್ಣಿಗೆ ಕಾಣುವ ದೂರ 6000 ಮೀಟರ್. ಎಸ್‌ಸಿಟಿ 020 ಅಂದರೆ ಅಲ್ಲಲ್ಲಿ ಮೋಡ, ನೆಲದಿಂದ 2000 ಅಡಿ ಮೇಲೆ. 25/20 ಅಂದರೆ ಉಷ್ಣಾಂಶ 25 ಡಿಗ್ರಿ, ಇಬ್ಬನಿ ಕಟ್ಟುವ ಉಷ್ಣಾಂಶ 20. ಕ್ಯೂ 1012 ಗಾಳಿಯ ಒತ್ತಡ. ಇಲ್ಲಿ ಒಂದು ಸೊಗಸಾದ ಲೆಕ್ಕ ಇದೆ. 25ರಲ್ಲಿ 20 ಕಳೆದರೆ 5. ಅದನ್ನು 400ರಿಂದ ಗುಣಿಸಿ, 2000 ಬಂತು. ಬಿಸಿಲಿಗೆ ಏಳುವ ಹತ್ತಿ ಉಂಡೆಯಂಥ ಮೋಡದ ಅಡಿ ಹೆಚ್ಚುಕಡಿಮೆ ಅಷ್ಟು ಅಡಿ ಎತ್ತರದಲ್ಲಿ ಇರುತ್ತದೆ. ಆ ಎರಡು ಅಂಕಿ ಹತ್ತಿರ ಹತ್ತಿರ ಬಂದು ಒಂದಾದರೆ ಮೋಡ ನೆಲಕ್ಕೇ ಇಳಿದ ಹಾಗೆ, ಅಂದರೆ ಮಂಜು. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯಲ್ಲಿ ವಿಮಾನಗಳು ತಡವಾದ ಸುದ್ದಿ ಬಂದ ದಿನ ಈ ಎರಡು ಅಂಕಿ ತೆಗೆದು ನೋಡಿ. ಪುಸ್ತಕದಲ್ಲಿ ಹತ್ತು ಸಲ ಓದಿದ್ದು ಆ ಒಂದು ದಿನದಲ್ಲಿ ತಲೆಗೆ ಹತ್ತುತ್ತದೆ.

ರೆಕ್ಕೆ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಗಾಳಿಪಟ ಸಾಕು. ಆಷಾಢದ ಗಾಳಿಗೆ ಪಟ ಹಾರಿಸಿದ್ದೀರಿ ಅಲ್ವಾ? ಸೂತ್ರ ಕಟ್ಟುವಾಗ ಮೇಲಿನ ದಾರ, ಕೆಳಗಿನ ದಾರ ಅಳತೆ ಮಾಡುತ್ತೀವಿ. ಅದರಿಂದ ಪಟ ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕು ಅಂತ ತೀರ್ಮಾನ ಆಗುತ್ತದೆ. ಓರೆ ಕಡಿಮೆಯಾದರೆ ಏಳುವುದಿಲ್ಲ. ಜಾಸ್ತಿಯಾದರೆ ಒದ್ದಾಡಿ ಮಗುಚಿಕೊಳ್ಳುತ್ತದೆ. ವಿಮಾನದ ರೆಕ್ಕೆಯದ್ದೂ ಇದೇ ಕಥೆ. ಗಾಳಿಗೆ ಸುಮಾರು 15 ಡಿಗ್ರಿಗಿಂತ ಜಾಸ್ತಿ ಓರೆ ಆದರೆ ರೆಕ್ಕೆಯ ಮೇಲಿನ ಗಾಳಿ ಅಂಟಿಕೊಂಡು ಹರಿಯುವುದನ್ನು ಬಿಟ್ಟು ಕಿತ್ತುಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಅಂತಾರೆ. ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದು ಅಂತ ಬೈಕ್, ಕಾರಿನ ರೂಢಿಯಿಂದ ಬಂದವರೆಲ್ಲ ಅಂದುಕೊಂಡಿರುತ್ತಾರೆ. ಅಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಸ್ಟಾಲ್ ಆಗಬಹುದು. ಬಾಲಂಗೋಚಿ ಇಲ್ಲದ ಪಟ ತಲೆ ಕುಣಿಸುವುದು ನೋಡಿದ್ದೀರಲ್ಲ. ವಿಮಾನಕ್ಕೂ ಬಾಲ ಯಾಕಿದೆ ಅನ್ನೋದು ಅಲ್ಲಿಂದಲೇ ಅರ್ಥ ಮಾಡಿಕೊಳ್ಳಬಹುದು.

ಇನ್ನೊಂದು ಲೆಕ್ಕ ನಮ್ಮ ಕಡೆಯವರು ಬೇಗ ಕಲಿಯಬೇಕಾದ್ದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ವಿಮಾನದ ಪುಸ್ತಕದ ಲೆಕ್ಕದಲ್ಲಿ ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿ ಕಡಿಮೆ. ಅಂದರೆ 3000 ಅಡಿಗೆ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 33 ಇದೆ ಅಂದುಕೊಳ್ಳಿ. 24 ಡಿಗ್ರಿ ಜಾಸ್ತಿ. ಒಂದೊಂದು ಡಿಗ್ರಿಗೆ 120 ಅಡಿ ಸೇರಿಸಿದರೆ 2880 ಅಡಿ. ನೆಲದ ಮೇಲೆ ನಿಂತಿರುವ ವಿಮಾನಕ್ಕೆ ತಾನು ಸುಮಾರು 5900 ಅಡಿ ಎತ್ತರದಲ್ಲಿದ್ದ ಹಾಗೆ ಅನಿಸುತ್ತದೆ. ಗಾಳಿ ತೆಳು, ಎಂಜಿನ್‌ಗೆ ಉಸಿರು ಸಾಲದು, ರೆಕ್ಕೆಗೆ ಹಿಡಿತ ಸಾಲದು. ಏರಲು ರನ್‌ವೇ ಜಾಸ್ತಿ ಬೇಕು, ಏರಿದ ಮೇಲೂ ನಿಧಾನ. ಬೇಸಿಗೆಯಲ್ಲಿ ನಾವು ಪಾಠವನ್ನು ಆದಷ್ಟು ಬೆಳಿಗ್ಗೆ ಬೇಗ ಇಟ್ಟುಕೊಳ್ಳುವುದು ಇದಕ್ಕೇ. ಹಿರಿಯೂರಿನ ಎತ್ತರ, ಅವತ್ತಿನ ಉಷ್ಣಾಂಶ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೆ ಒಮ್ಮೆ ವಿಮಾನದ ಹತ್ತಿರ ಹೋಗಬೇಕು. ಜಕ್ಕೂರು, ಬೆಳಗಾವಿ, ಕಲಬುರಗಿಯಲ್ಲಿ ತರಬೇತಿ ನಡೆಯುತ್ತದೆ. ಸೀದಾ ಒಳಗೆ ಬಿಡುವುದಿಲ್ಲ. ಫೋನ್ ಮಾಡಿ, ಸೇರಬೇಕು ಅಂತಿದ್ದೇನೆ, ನೋಡಲು ಬರಬಹುದಾ ಅಂತ ಕೇಳಿ, ದಿನ ಗೊತ್ತು ಮಾಡಿಕೊಂಡು ಅಪ್ಪನ ಜೊತೆ ಹೋಗಿ. ಬೆಳಿಗ್ಗೆ ಆರು ಗಂಟೆಗೇ ಅಲ್ಲಿರಿ. ಒಬ್ಬ ವಿದ್ಯಾರ್ಥಿ ಹಾರುವ ಮೊದಲು ಏನು ಮಾಡುತ್ತಾನೆ ಅಂತ ದೂರದಿಂದ ನೋಡಿ.

ಅವನು ರೆಕ್ಕೆಯ ಕೆಳಗೆ ಬಗ್ಗಿ ಒಂದು ಚಿಕ್ಕ ಪಾರದರ್ಶಕ ಕಪ್ಪಿಗೆ ಒಂದಿಷ್ಟು ಪೆಟ್ರೋಲ್ ಇಳಿಸಿಕೊಳ್ಳುತ್ತಾನೆ. ಅದು ಏವ್‌ಗ್ಯಾಸ್, ಚಿಕ್ಕ ವಿಮಾನಗಳ ಪೆಟ್ರೋಲ್, ತಿಳಿ ನೀಲಿ ಬಣ್ಣ ಹಾಕಿರುತ್ತಾರೆ. ಕಪ್ಪನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ರಾತ್ರಿ ಟ್ಯಾಂಕಿನ ಖಾಲಿ ಜಾಗದಲ್ಲಿ ತೇವ ಕಟ್ಟಿ ನೀರಾಗಿದ್ದರೆ ಅದು ಭಾರ, ತಳಕ್ಕೆ ಇಳಿದಿರುತ್ತದೆ. ಕಪ್ಪಿನ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯ ಹಾಗೆ ಕಾಣುತ್ತದೆ. ಕಂಡರೆ ಚೆಲ್ಲಿ ಮತ್ತೆ ತೆಗೆಯಬೇಕು, ನೀರು ಬರುವುದು ನಿಲ್ಲುವ ತನಕ. ಇಲ್ಲಿ ಒಂದು ಮೋಸ ಇದೆ, ನನ್ನ ಗುರುಗಳು ಹೇಳಿಕೊಟ್ಟಿದ್ದು. ಕಪ್ಪಿನ ತುಂಬ ಒಂದೇ ಬಣ್ಣ, ನಡುವೆ ಗೆರೆ ಇಲ್ಲ ಅಂತ ಖುಷಿಪಡಬೇಡ, ಪೂರ್ತಿ ನೀರೇ ಬಂದಿದ್ದರೂ ಗೆರೆ ಇರುವುದಿಲ್ಲ, ನೀಲಿ ಇದೆಯಾ ನೋಡು, ಮೂಸಿ ನೋಡು ಅಂದಿದ್ದರು. ಆಮೇಲೆ ಆ ವಿದ್ಯಾರ್ಥಿ ರೆಕ್ಕೆಯ ಮೇಲಕ್ಕೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ಪೆಟ್ರೋಲ್ ಅಳೆಯುತ್ತಾನೆ. ಒಳಗಿನ ಮೀಟರ್ ಒಂದನ್ನೇ ನಂಬುವುದಿಲ್ಲ. ಪ್ರೊಪೆಲ್ಲರ್ ಅಂಚಿನ ಮೇಲೆ ಬೆರಳಾಡಿಸಿ ಏನಾದರೂ ಚುಚ್ಚುತ್ತದಾ ನೋಡುತ್ತಾನೆ. ಟೈರ್, ಬ್ರೇಕ್, ತಿರುಗಣೆ, ಎಣ್ಣೆ. ಚೆಕ್‌ಲಿಸ್ಟ್ ಹಿಡಿದು ಒಂದೊಂದಾಗಿ. ನಾಳೆಯೂ ಇಷ್ಟನ್ನೇ ಮಾಡುತ್ತಾನೆ. ಇಪ್ಪತ್ತು ವರ್ಷ ಆದ ಮೇಲೂ ಮಾಡುತ್ತಾನೆ.

ಇದನ್ನು ನೋಡುತ್ತಾ ನಿಮ್ಮ ಮನಸ್ಸು ಏನು ಹೇಳುತ್ತದೆ ಅಂತ ಗಮನಿಸಿ. ಬೇಜಾರಾಯಿತಾ? ಅಥವಾ ಆ ಕಪ್ಪು ನನ್ನ ಕೈಗೆ ಕೊಟ್ಟರೆ ಸಾಕು ಅನಿಸಿತಾ? ಬಿಳಿ ಅಂಗಿ, ಭುಜದ ಪಟ್ಟಿ, ಕಪ್ಪು ಕನ್ನಡಕ ಎಲ್ಲರಿಗೂ ಇಷ್ಟ. ಪೈಲಟ್ ಕೆಲಸ ಅಂದರೆ ಬಹುಪಾಲು ಈ ಪೆಟ್ರೋಲ್ ಕಪ್, ಈ ಚೆಕ್‌ಲಿಸ್ಟ್, ಈ ಲೆಕ್ಕ. ಇದರಲ್ಲಿ ನಿಮಗೆ ಖುಷಿ ಇದೆಯಾ ಅಂತ ದುಡ್ಡು ಕಟ್ಟುವ ಮೊದಲೇ ಗೊತ್ತಾಗಬೇಕು. ನಿಮ್ಮ ಈ ವರ್ಷ ಇರುವುದೇ ಅದಕ್ಕೆ. ನನ್ನನ್ನು ಕೇಳಿದರೆ, ಅಪ್ಪ ಒಂದು ವರ್ಷ ಕೇಳಿದ್ದು ಒಳ್ಳೆಯದೇ ಆಯಿತು.

ಸಾಧ್ಯವಾದರೆ ಒಂದು ಸಲ ಚಿಕ್ಕ ವಿಮಾನದಲ್ಲಿ ಕೂತು ಹಾರಿ. ಜಕ್ಕೂರು, ಮೈಸೂರು ಕಡೆ ವಿಚಾರಿಸಿದರೆ ಅವಕಾಶ ಸಿಗಬಹುದು. ಬಿಸಿಲೇರಿದ ಮೇಲೆ ಚಿಕ್ಕ ವಿಮಾನ ಗುಂಡಿ ಬಿದ್ದ ರಸ್ತೆಯ ಬಸ್ಸಿನ ಹಾಗೆ ಕುಲುಕುತ್ತದೆ. ಹೊಟ್ಟೆ ತೊಳಸಿದರೆ ಹೆದರಬೇಡಿ. ಎಷ್ಟೋ ಜನರಿಗೆ ಮೊದಮೊದಲು ಹಾಗಾಗುತ್ತದೆ, ರೂಢಿಯಾದ ಮೇಲೆ ಹೋಗುತ್ತದೆ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೂ ಹೋಗಿ ಬನ್ನಿ. ಡಿಗ್ರಿಗೆ ಸೇರುವುದಾದರೆ ಎನ್‌ಸಿಸಿ ಏರ್ ವಿಂಗ್ ಇರುವ ಕಾಲೇಜು ಹುಡುಕಿ, ಅದರ ಕೆಡೆಟ್‌ಗಳಿಗೆ ಮೈಕ್ರೋಲೈಟ್ ಅನ್ನುವ ತುಂಬ ಹಗುರದ ವಿಮಾನದಲ್ಲಿ ಹಾರಾಟದ ಅವಕಾಶ ಇರುತ್ತದೆ.

ಸಿಮ್ಯುಲೇಟರ್ ಬಗ್ಗೆ ಕೇಳಿದ್ದೀರಿ. ಉಪಯೋಗ ಇದೆ, ತೊಂದರೆಯೂ ಇದೆ. ಮನೆಯಲ್ಲಿ ಆಡಿ ಬಂದ ಮಕ್ಕಳನ್ನು ಮೊದಲ ಹತ್ತು ನಿಮಿಷದಲ್ಲೇ ಗುರುತಿಸುತ್ತೇನೆ. ಅವರ ಕಣ್ಣು ಮೀಟರ್‌ಗಳ ಮೇಲೆ ನೆಟ್ಟಿರುತ್ತದೆ, ಹೊರಗೆ ನೋಡುವುದೇ ಇಲ್ಲ. ಶುರುವಿನ ಪಾಠದಲ್ಲಿ ಬಹುತೇಕ ಸಮಯ ಹೊರಗೆ ನೋಡಬೇಕು. ವಿಮಾನದ ಮೂಗಿನ ಮುಂದೆ ದಿಗಂತ ಎಲ್ಲಿದೆ, ಪಕ್ಕದಲ್ಲಿ ಬೇರೆ ವಿಮಾನ ಇದೆಯಾ, ಹದ್ದು ಇದೆಯಾ. ಕೆಲವರ ಮುಂದೆ ನಾನು ಮೀಟರ್‌ಗಳ ಮೇಲೆ ಕಾಗದ ಮುಚ್ಚಿಟ್ಟು ಪಾಠ ಮಾಡಿದ್ದೇನೆ. ವಿಮಾನದ ಮೂಗನ್ನು ಎಡಬಲ ತಿರುಗಿಸಲು ಕಾಲಿನಲ್ಲಿ ಒತ್ತುವ ರಡ್ಡರ್ ಕೂಡ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಆಡಿ, ಆದರೆ ದೊಡ್ಡ ಬೋಯಿಂಗ್ ಬೇಡ. ಸೆಸ್ನಾ 172 ಅನ್ನುವ ಚಿಕ್ಕ ವಿಮಾನ ತೆಗೆದುಕೊಳ್ಳಿ. ಹಗಲು, ಮೋಡ ಇಲ್ಲದ ದಿನ. ರನ್‌ವೇ ಸುತ್ತ ಆಯತಾಕಾರದ ಸುತ್ತು ಹಾಕಿ ಇಳಿಯಿರಿ, ಮತ್ತೆ ಏರಿ. ಅದನ್ನು ಸರ್ಕಿಟ್ ಅಂತಾರೆ. ಚೆಕ್‌ಲಿಸ್ಟನ್ನು ಗಟ್ಟಿಯಾಗಿ ಓದುತ್ತಾ ಕೈ ಹಾಕಿ. ಇಷ್ಟು ಸಾಕು. ಇದಕ್ಕೆಂದು ಹೊಸ ಕಂಪ್ಯೂಟರ್‌ಗೆ ದುಡ್ಡು ಸುರಿಯಬೇಡಿ.

ಇಂಗ್ಲಿಷಿನ ಭಯಕ್ಕೆ ಬರೋಣ. ನಾನೂ ಕನ್ನಡ ಮೀಡಿಯಂನವನೇ. ರೇಡಿಯೋದಲ್ಲಿ ಮಾತಾಡುವ ಇಂಗ್ಲಿಷ್ ಭಾಷಣದ ಇಂಗ್ಲಿಷ್ ಅಲ್ಲ. ಗೊತ್ತು ಮಾಡಿದ ಪದಗಳು, ಗೊತ್ತು ಮಾಡಿದ ಸಾಲು. ಅಕ್ಷರಗಳಿಗೂ ಹೆಸರುಗಳಿವೆ: ಆಲ್ಫಾ, ಬ್ರಾವೋ, ಚಾರ್ಲಿ ಹೀಗೆ. ರಸ್ತೆಯಲ್ಲಿ ಹೋಗುವ ಗಾಡಿಗಳ ನಂಬರ್ ಪ್ಲೇಟ್ ಓದಿ. ನಿಮ್ಮ ಜಿಲ್ಲೆಯದ್ದು ಕೆಎ 16 ಅಲ್ವಾ? ಕಿಲೋ ಆಲ್ಫಾ ವನ್ ಸಿಕ್ಸ್. ಸರ್ಕಾರಿ ಬಸ್ಸಿನ ಎಫ್ ಬಂದರೆ ಫಾಕ್ಸ್‌ಟ್ರಾಟ್. ಒಂಬತ್ತಕ್ಕೆ ನೈನರ್, ಐದಕ್ಕೆ ಫೈಫ್ ಅನ್ನಬೇಕು, ಕರಕರ ಅನ್ನುವ ರೇಡಿಯೋದಲ್ಲಿ ನೈನ್ ಮತ್ತು ಫೈವ್ ಒಂದೇ ಥರ ಕೇಳುತ್ತವೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿ ಎದುರು ಬಂದ ಐವತ್ತು ಗಾಡಿ ಓದಿದರೆ ವಾರದಲ್ಲಿ ನಾಲಿಗೆ ತಿರುಗುತ್ತದೆ. ವಿದೇಶದ ವಿಮಾನ ನಿಲ್ದಾಣಗಳ ರೇಡಿಯೋ ಮಾತು ಇಂಟರ್ನೆಟ್‌ನಲ್ಲಿ ಕೇಳಲು ಸಿಗುತ್ತದೆ. ಮೊದಲು ಏನೂ ಅರ್ಥ ಆಗುವುದಿಲ್ಲ, ಕೇಳುತ್ತಾ ಇರಿ.

ಆದರೆ ಭಾಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದವು, 349 ಜನ ಸತ್ತರು. ಹೇಳಿದ ಎತ್ತರಕ್ಕಿಂತ ಒಂದು ವಿಮಾನ ಕೆಳಗೆ ಇಳಿದಿತ್ತು. ಆ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಅನ್ನೋದು ತನಿಖೆಯಲ್ಲಿ ಬಂದ ವಿಷಯ. ಈಗ ಪೈಲಟ್‌ಗಳಿಗೆ ಇಂಗ್ಲಿಷಿನಲ್ಲಿ ಕನಿಷ್ಠ ಲೆವೆಲ್ 4 ಇರಲೇಬೇಕು. ಅಲ್ಲಿ ನೋಡುವುದು ಹೇಳಿದ್ದು ಸ್ಪಷ್ಟವಾಗಿ ಗೊತ್ತಾಗುತ್ತದಾ, ಕೇಳಿದ್ದು ಅರ್ಥ ಆಗುತ್ತದಾ ಅಂತ. ಹಿರಿಯೂರಿನ ಧಾಟಿ ಇದ್ದರೆ ಇರಲಿ.

ಕಾಗದಪತ್ರದ ಕೆಲಸವೂ ಈ ವರ್ಷವೇ ಮುಗಿಸಿ. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಎರಡೂ ಪಾಸಾಗಿರಬೇಕು, ನಿಮ್ಮದು ಸೈನ್ಸ್, ಆದರೂ ಅಂಕಪಟ್ಟಿ ತೆಗೆದು ನೋಡಿಬಿಡಿ. ಎಲ್ಲ ದಾಖಲೆಯಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಥರ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆಗಿ ತಿಂಗಳುಗಟ್ಟಲೆ ಅಲೆದವರು ಬಹಳ ಜನ. ಪಾಸ್‌ಪೋರ್ಟ್ ಮಾಡಿಸಿ. ಡಿಜಿಸಿಎ ಆನ್‌ಲೈನ್‌ನಲ್ಲಿ ಕಂಪ್ಯೂಟರ್ ನಂಬರ್ ಅನ್ನುವ ಗುರುತಿನ ಸಂಖ್ಯೆ ತೆಗೆದುಕೊಳ್ಳಿ, ಅದಿದ್ದರೆ ಮಾತ್ರ ಪರೀಕ್ಷೆ ಬರೆಯಬಹುದು. ನ್ಯಾವಿಗೇಷನ್, ಹವಾಮಾನ, ನಿಯಮಗಳು, ಟೆಕ್ನಿಕಲ್, ಎಲ್ಲಕ್ಕೂ 70 ಅಂಕ ಬೇಕು. ರೇಡಿಯೋ ಪರೀಕ್ಷೆ ಬೇರೆ. ಹವಾಮಾನ ಮತ್ತು ನಿಯಮಗಳ ಪುಸ್ತಕ ಈಗಲೇ ಹಿಡಿಯಬಹುದು. ನಿಮ್ಮ ಗಾಳಿಯ ನೋಟ್‌ಬುಕ್ ಇದ್ದರೆ ಹವಾಮಾನ ಅರ್ಧ ಓದಿದ ಹಾಗೆ.

ಅಪಘಾತದ ತನಿಖಾ ವರದಿಗಳನ್ನೂ ಓದಿ ಅನ್ನುತ್ತೇನೆ. ಅಮ್ಮನಿಗೆ ತೋರಿಸಬೇಡಿ, ಹೆದರುತ್ತಾರೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಆದ ಅಪಘಾತದ ವರದಿಯಿಂದ ಶುರು ಮಾಡಿ. 166 ಜನರಲ್ಲಿ 158 ಜನ ಹೋದರು. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿ ಬಂತು. ಬೇಡ, ಮತ್ತೆ ಸುತ್ತು ಹಾಕೋಣ ಅಂತ ಕೋ-ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿದರು. ರನ್‌ವೇ ಅರ್ಧಕ್ಕಿಂತ ಜಾಸ್ತಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು, ಬಜ್ಪೆಯದು ಗುಡ್ಡದ ತುದಿಯ ರನ್‌ವೇ, ವಿಮಾನ ನಿಲ್ಲದೆ ಅದರಾಚೆ ಕೆಳಗೆ ಬಿತ್ತು. ತಪ್ಪು ಯಾರದು ಅಂತ ತೀರ್ಪು ಕೊಡಲು ಓದಬೇಡಿ. ಆ ಸೀಟಿನಲ್ಲಿ ನಾನಿದ್ದರೆ ಯಾವ ಕ್ಷಣದಲ್ಲಿ ಬೇರೆ ಏನು ಮಾಡಬಹುದಿತ್ತು ಅಂತ ಕೇಳಿಕೊಂಡು ಓದಿ. ಮತ್ತೆ ಸುತ್ತು ಹಾಕುವುದು ಸೋಲಲ್ಲ ಅನ್ನೋದನ್ನು ನಾನು ಮೊದಲ ವಾರದಿಂದಲೇ ಹೇಳಿಕೊಡುತ್ತೇನೆ.

ಇನ್ನು ದುಡ್ಡು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ನೀವೇ ಪೈಲಟ್ ಆಗಿ. ಭಾರತದಲ್ಲಿ ಈಗ ಎಲ್ಲ ಸೇರಿ ಸುಮಾರು 45ರಿಂದ 60 ಲಕ್ಷ ಆಗುತ್ತದೆ. ಅದಾದ ಮೇಲೆ ಏರ್‌ಬಸ್ ಅಥವಾ ಬೋಯಿಂಗ್ ಓಡಿಸಲು ಟೈಪ್ ರೇಟಿಂಗ್ ಅಂತ ಮತ್ತೆ ಲಕ್ಷಗಟ್ಟಲೆ ಬೇಕು. ಲೈಸೆನ್ಸ್ ಸಿಕ್ಕ ಮೇಲೆ ಕೆಲಸಕ್ಕೆ ಒಂದೆರಡು ವರ್ಷ ಕಾಯಬೇಕಾಗಿ ಬರಬಹುದು, ಆ ಕಾಲದ ಖರ್ಚೂ ಲೆಕ್ಕದಲ್ಲಿರಲಿ. ಇದನ್ನು ಅಪ್ಪನ ಮುಂದೆ ಕೂತು ಕಾಗದದ ಮೇಲೆ ಬರೆಯಿರಿ. ಕೆಲಸ ಗ್ಯಾರಂಟಿ ಅಂತ ಯಾವ ಏಜೆಂಟೂ ಕೊಡಲು ಆಗುವುದಿಲ್ಲ.

ಶಾಲೆ ನೋಡಲು ಹೋದಾಗ ಕಟ್ಟಡ ನೋಡಬೇಡಿ. ಬೆಳಿಗ್ಗೆ ಎಷ್ಟು ವಿಮಾನ ನಿಜವಾಗಿ ಏರಿದವು ಅಂತ ಎಣಿಸಿ. ಹತ್ತು ವಿಮಾನ ನಿಂತಿದ್ದರೂ ಹಾರುವುದು ಮೂರೇ ಆಗಿರಬಹುದು. ನನಗೆ ಗೊತ್ತಿರುವ ಒಬ್ಬ ಹುಡುಗಿ ಪೂರ್ತಿ ಫೀಸು ಒಟ್ಟಿಗೇ ಕಟ್ಟಿ ಬಿಡಿಭಾಗ ಬರಲಿ, ಎಂಜಿನ್ ಬರಲಿ ಅಂತ 14 ತಿಂಗಳಲ್ಲಿ 40 ಗಂಟೆ ಹಾರಿದ್ದಳು. ಎಷ್ಟು ವಿದ್ಯಾರ್ಥಿಗಳು, ಎಷ್ಟು ಇನ್‌ಸ್ಟ್ರಕ್ಟರ್‌ಗಳು, ಕಳೆದ ಬ್ಯಾಚ್ 200 ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡಿತು ಅಂತ ಕೇಳಿ. ಆಫೀಸಿನಲ್ಲಿ ಒಮ್ಮೆ ಕೇಳಿ, ಕ್ಯಾಂಟೀನಿನಲ್ಲಿ ಕೂತ ವಿದ್ಯಾರ್ಥಿಗಳನ್ನು ಇನ್ನೊಮ್ಮೆ ಕೇಳಿ. ಎರಡು ಉತ್ತರ ಒಂದೇ ಇದ್ದರೆ ಒಳ್ಳೆಯ ಲಕ್ಷಣ. ಕಂತಿನಲ್ಲಿ ಕಟ್ಟಲು ಒಪ್ಪದ, ದುಡ್ಡು ವಾಪಸ್ ಕೊಡುವ ನಿಯಮ ಬರೆದು ಕೊಡದ ಕಡೆ ಸೇರಬೇಡಿ. ಡಿಜಿಸಿಎ ಒಪ್ಪಿಗೆ ಇರುವ ಶಾಲೆಗಳ ಪಟ್ಟಿ ಅವರ ವೆಬ್‌ಸೈಟ್‌ನಲ್ಲಿದೆ, 2025ರಿಂದ ಶಾಲೆಗಳಿಗೆ ಶ್ರೇಣಿಯನ್ನೂ ಕೊಡುತ್ತಿದ್ದಾರೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರ್ಕಾರದ ಅಕಾಡೆಮಿಗೂ ಅರ್ಜಿ ಹಾಕಿ, ಅಲ್ಲಿ ಪ್ರವೇಶ ಪರೀಕ್ಷೆ ಇರುತ್ತದೆ.

ನೆಂಟರಿಗೆ ಏನು ಹೇಳುವುದು? ಉಷಾ ಸುಂದರಂ ಅವರ ಹೆಸರು ಹೇಳಿ. ಬೆಂಗಳೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಿಂದ 1949ರಲ್ಲಿ ಪಾಸಾಗಿ ಹೊರಬಂದ ಮೊದಲ ಪೈಲಟ್ ಅವರು, ಒಬ್ಬ ಹೆಣ್ಣುಮಗಳು. 1951ರಲ್ಲಿ ಗಂಡನ ಜೊತೆ ಲಂಡನ್‌ನಿಂದ ಮುಂಬೈಗೆ ಚಿಕ್ಕ ಡವ್ ವಿಮಾನ ಹಾರಿಸಿಕೊಂಡು ಬಂದವರು. ಮುಕ್ಕಾಲು ಶತಮಾನದ ಹಿಂದಿನ ಮಾತು. ಇವತ್ತು ನನ್ನ ಪ್ರತಿ ಬ್ಯಾಚಿನಲ್ಲೂ ಹುಡುಗಿಯರಿದ್ದಾರೆ, ಕಂಟ್ರೋಲ್ ಹಿಡಿದಾಗ ವಿಮಾನಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೆಡಿಕಲ್ ಮುಗಿದ ಮೇಲೆ ಇನ್ನೊಮ್ಮೆ ಬರೆಯಿರಿ, ಶಾಲೆ ಆರಿಸುವುದರ ಬಗ್ಗೆ ಆಗ ಮಾತಾಡೋಣ. ಪತ್ರದ ಮೊದಲ ಸಾಲಿನಲ್ಲಿ ಅವತ್ತು ಹಿರಿಯೂರಿನಲ್ಲಿ ಗಾಳಿ ಯಾವ ಕಡೆಯಿಂದ ಇತ್ತು, ಎಷ್ಟು ಜೋರಿತ್ತು ಅಂತ ಬರೆದಿರಿ.